ಮಾವನ ಕಾರೂ ನನ್ನ ಸ್ಪ್ಯಾನರ್ ಪೆಟ್ಟಿಗೆಯೂ

ಮೊದಲೇ ಹೇಳಿಬಿಡುತ್ತೇನೆ: ಕಾರಿನ ಗೇರ್‌ಬಾಕ್ಸ್ ಬದಲಾಯಿಸಿದ್ದರಲ್ಲಿ ನನ್ನದೇನೂ ತಪ್ಪಿಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ನಾನು ಕ್ವಾಲಿಟಿ ವಿಭಾಗದವನು. ಬೇರೆಯವರು ಜೋಡಿಸಿದ ಯಂತ್ರದಲ್ಲಿ ಏನು ಬಿಟ್ಟುಹೋಗಿದೆ ಎಂದು ಹುಡುಕುವುದೇ ನನ್ನ ನೌಕರಿ. ಅಂಥವನು ತನ್ನ ಮನೆಯ ಕಾರಿಗೆ ಮೆಕ್ಯಾನಿಕ್ಕನ್ನು ಕರೆಸಬೇಕೇ? ಸಾಧ್ಯವೇ ಇಲ್ಲ!

ಮನೆಯ ಕಾರು ಅಂದೆ. ಅಸಲಿಗೆ ಅದು ಮಾವನ ಕಾರು. ಧಾರವಾಡದಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದ ಅವರು, ಮೊಣಕಾಲು ನೋವು ಶುರುವಾದ ಮೇಲೆ ಅದನ್ನು ನಮಗೆ ಕೊಟ್ಟರು. ಮಗಳನ್ನು ಕೊಡುವಾಗ ಹಾಕದ ಷರತ್ತುಗಳನ್ನೆಲ್ಲ ಕಾರು ಕೊಡುವಾಗ ಹಾಕಿದರು. ತಮ್ಮ ವಸ್ತುಗಳ ಮೇಲೆ ಅವರಿಗೆ ಅಷ್ಟು ಮಮತೆ. ತಂಬಿಗೆ, ಸೌಟು, ಚಮಚ, ಎಲ್ಲದರ ಮೇಲೂ ತಮ್ಮ ಹೆಸರು ಕೊರೆಸಿಟ್ಟವರು. ಗೇರ್‌ಬಾಕ್ಸ್ ಕೆಟ್ಟ ವಾರವೇ ಅವರ ಫೋನು ಬಂತು.

"ಅಳಿಯಂದ್ರ, ಖಂಡೇನವಮಿಗೆ ಬರಾಕತ್ತೀನಿ. ಗಾಡಿ ಪೂಜಿ ನನ್ನ ಕೈಯಿಂದನ ಆಗ್ಬೇಕು. ಚಂದಾಗಿ ಇಟ್ಟಿದ್ರ ನಿಮ್ಮದು. ಇಲ್ಲಾಂದ್ರ ವಾಪಸ್ ತರಿಸ್ಕೊಂತೀನಿ."

ನಾನು ಗುಜರಿಯಿಂದ ಒಂದು ಗೇರ್‌ಬಾಕ್ಸ್ ತಂದೆ. ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಯ ಅಂಗಳವೇ ಗ್ಯಾರೇಜು. ಪಕ್ಕದ ಮನೆಯ ನಜೀರ್ ಸಾಹೇಬರು ಬಟ್ಟೆ ಅಂಗಡಿಯವರು, ಪಾಪ, ಜಾಕ್ ಹಿಡಿಯಲು ಬಂದರು. ಅಂಗಳದ ಒಂದು ಕಡೆ ನಾನು ಬಿಚ್ಚಿಟ್ಟ ಸಾಮಾನು, ಇನ್ನೊಂದು ಕಡೆ ನವರಾತ್ರಿಗೆಂದು ತೊಳೆಯಲು ನನ್ನ ಹೆಂಡತಿ ಶೈಲಾ ಹೊರಗೆ ಹಾಕಿದ ಪಾತ್ರೆಗಳು. ಎರಡೂ ಕಡೆ ಕೆಲಸ ಜೋರಾಗಿ ನಡೆಯಿತು. ಸಂಜೆಗೆ ಎಲ್ಲ ಜೋಡಿಸಿ ನೋಡಿದರೆ ಒಂದೇ ಒಂದು ನಟ್ಟೂ ಉಳಿದಿರಲಿಲ್ಲ! ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕೀಲಿ ತಿರುಗಿಸಿದೆ. ಕರ್ರ್ರ್ರ್ರ್... ಕಟಕಟಕಟ... ಘರ್ರ್!

ತಂತಿಯ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು. ಮಹಡಿಯ ಮೇಲಿನಿಂದ ಮನೆ ಮಾಲೀಕ ರಂಗಪ್ಪನವರು ಇಣುಕಿದರು.

"ಏನ್ರೀ, ಬೋರ್‌ವೆಲ್ ಕೊರೆಸ್ತಿದ್ದೀರಾ? ನಂಗೊಂದ್ ಮಾತು ಹೇಳ್ಬೇಕಲ್ವಾ?"

"ಸ್ಟಾರ್ಟರ್ ಮೋಟರ್ ಸಾರ್. ಹೊಸ ಗೇರ್‌ಬಾಕ್ಸಿಗೆ ಇನ್ನೂ ಹೊಂದ್ಕೊಂಡಿಲ್ಲ" ಎಂದೆ.

"ರೀ, ಮೆಕ್ಯಾನಿಕ್ಕಿಗೆ ತೋರಿಸ್ರಿ" ಎಂದಳು ಶೈಲಾ.

"ನಾ ಇರೋದು ಮತ್ಯಾಕ?" ಎಂದೆ. ಮದುವೆಯಾದಾಗಿನಿಂದ ಅವಳೂ ಅದನ್ನೇ ಯೋಚಿಸುತ್ತಿರಬೇಕು.

ಬ್ಯಾಟರಿ ವೀಕು ಎಂದು ತೀರ್ಮಾನಿಸಿ ಹೊಸ ಬ್ಯಾಟರಿ ಹಾಕಿದೆ. ಸದ್ದಿಗೆ ಇನ್ನಷ್ಟು ಶಕ್ತಿ ಬಂತು! ಸ್ಟಾರ್ಟರ್ ಬಿಚ್ಚಿ, ಒರೆಸಿ, ಗ್ರೀಸ್ ಮೆತ್ತಿ ಕೂರಿಸಿದೆ. ಈಗ ಸದ್ದಿನ ಜೊತೆ ಹೊಗೆಯೂ ಬಂತು. ನಾಗಸಂದ್ರದ ಅಂಗಡಿಗೆ ಹೋಗಿ ಸ್ಟಾರ್ಟರನ್ನೇ ಹೊಸದು ತಂದೆ. ಹಳೆಯದು ನರಳುತ್ತಿತ್ತು, ಹೊಸದು ಕಿರುಚಿತು.

"ಸಾರ್, ಒಳಗಡೆ ಏನೋ ಏನನ್ನೋ ಕಚ್ತಾ ಇದೆ" ಎಂದರು ನಜೀರ್ ಸಾಹೇಬರು.

"ಬಟ್ಟೆ ವಿಷಯ ನೀವು ನೋಡ್ಕೊಳ್ಳಿ ಸಾಹೇಬ್ರೇ!" ಎಂದೆ. ಹಾಗೆ ಅನ್ನಬಾರದಿತ್ತು. ಮರುದಿನದಿಂದ ಕಾರು ತಳ್ಳಲು ಅವರೇ ಬೇಕಾಯಿತು. ಸ್ಟಾರ್ಟರ್ ಎಂಬುದು ಸೋಮಾರಿಗಳ ಸಾಧನವೆಂದು ಘೋಷಿಸಿ, ಕಾರನ್ನು ಇಳಿಜಾರಿನಲ್ಲಿ ನಿಲ್ಲಿಸಿ, ತಳ್ಳಿಸಿಯೇ ಶುರು ಮಾಡತೊಡಗಿದೆ.

ಅಷ್ಟರಲ್ಲಿ ನವರಾತ್ರಿ ಬಂತು, ಶೈಲಾ ಮನೆಯಲ್ಲಿ ಘಟ್ಟ ಹಾಕಿದಳು. ದೇವರ ಮುಂದೆ ನೀರು ತುಂಬಿದ ಗಡಿಗೆ, ಅದರ ಸುತ್ತ ಮಣ್ಣು, ಮಣ್ಣಿನಲ್ಲಿ ಕಾಳು. ದಸರೆಯವರೆಗೆ ಅದನ್ನು ಅಲುಗಾಡಿಸುವ ಹಾಗಿಲ್ಲ. ನಾನು ದಿನವೂ ಅದರ ಮುಂದೆ ಅಡ್ಡಬಿದ್ದು, "ತಾಯಿ, ಏನು ತಪ್ಪಾಗೇತಿ ಅಂತ ಕಣ್ಣಿಗೆ ತೋರಿಸು" ಎಂದು ಬೇಡಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಕಾರು ಹೋದರೆ ಬಸ್ಸಿದೆ. ಮಾವನ ಮುಂದೆ ಹೋದ ಮಾನಕ್ಕೆ ಯಾವ ಬಸ್ಸು?

ಖಂಡೇನವಮಿಯ ಬೆಳಿಗ್ಗೆ ಯಶವಂತಪುರ ಸ್ಟೇಷನ್ನಿಗೆ ಹೋದೆ. ಎಂಜಿನ್ ಆರಿಸುವುದೇ ಇಲ್ಲ, ಮಾವನನ್ನು ಹತ್ತಿಸಿಕೊಂಡು ಸೀದಾ ಮನೆಗೆ. ಎಂಥ ಉಪಾಯ! ಮಾವ ಚೀಲ ಹಿಡಿದು ಕಾರಿನೊಳಗೆ ಕೂತರು. ಆಗ ಪೊಲೀಸಪ್ಪ ಕಿಟಕಿ ಬಡಿದ.

"ಮುಂದೆ ಆಟೋ ತೆಗೀಬೇಕು, ಅಲ್ಲೀವರೆಗೂ ಎಂಜಿನ್ ಆಫ್ ಮಾಡ್ರೀ!"

ಆರಿಸಿದೆ. ಆಟೋ ಹೋಯಿತು. ಕೀಲಿ ತಿರುಗಿಸಿದೆ. ಕರ್ರ್ರ್ರ್ ಕಟಕಟಕಟ! ಹಮಾಲರು ಹೊತ್ತ ಮೂಟೆ ಇಳಿಸಿ ನೋಡಿದರು. ಪೊಲೀಸಪ್ಪ ಎರಡು ಹೆಜ್ಜೆ ಹಿಂದೆ ಸರಿದ.

ಗೇರ್‌ಬಾಕ್ಸ್ ಬಿಚ್ಚಿದ ಸುದ್ದಿಯನ್ನು ಶೈಲಾ ಫೋನಿನಲ್ಲಿ ಹೇಳಿದ್ದಳೇನೋ, ಮಾವ ಮೆಲ್ಲಗೆ ಕೇಳಿದರು, "ಅಳಿಯಂದ್ರ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ತಗಡು ಹಾಕೀರೋ ಇಲ್ಲೋ?"

"ಯಾವ ತಗಡ್ರಿ ಮಾವಾರ? ಈ ಗಾಡಿಗೆ ತಗಡ ಇರಲಿಲ್ಲ!" ಎಂದೆ. ಕ್ವಾಲಿಟಿ ವಿಭಾಗದವನ ದನಿಯಲ್ಲೇ ಎಂದೆ.

ಹಮಾಲರು ತಳ್ಳಿ ಶುರು ಮಾಡಿಕೊಟ್ಟ ಕಾರಿನಲ್ಲಿ ಮನೆಗೆ ಬಂದ ಮಾವ ಸ್ನಾನ ಮಾಡಿ ದೇವರ ಮುಂದೆ ಕೂತು ಘಟ್ಟದ ಮೊಳಕೆಗೆ ನೀರು ಹಾಕಿದರು. ಅಂಚಿನ ಮಣ್ಣು ಸ್ವಲ್ಪ ಜಾರಿತು. ಮಾವ ಬಗ್ಗಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಬಗ್ಗಿದರು. ಮಣ್ಣಿನ ಕೆಳಗೆ ಫಳಫಳ ಹೊಳೆಯುವ ತಗಡು. ಅದರ ಮೇಲೆ ಅವರದೇ ಹೆಸರು!

"ಶೈಲಾ, ಇದನ್ನ ಇಲ್ಲಿ ಯಾಕ ಇಟ್ಟೀಯವ್ವಾ?"

"ಅದು ತವರಮನಿ ತಾಟಲ್ಲೇನಪ್ಪಾ? ಪಾತ್ರಿ ತೊಳಿಯಾಗ ಅಂಗಳದಾಗ ಸಿಕ್ತು. ನಿಮ್ಮ ಹೆಸರು ಐತಿ. ನಡುವ ದುಂಡನ ತೂತು ಬ್ಯಾರೆ ಐತಿ, ಗಡಿಗಿ ಅಲುಗಾಡದಂಗ ಕುಂತೈತಿ ನೋಡ್ರಿ."

"ಹಿಂದ ಕ್ಲಚ್ ಬದಲಿ ಮಾಡಿಸ್ದಾಗ, ಗ್ಯಾರೇಜಿನಾವ್ರು ಸಾಮಾನ ಅದಲಿಬದಲಿ ಮಾಡಬಾರದಂತ ಬಿಚ್ಚಿದ್ದಕ್ಕೆಲ್ಲಾ ಹೆಸರು ಹಾಕ್ಸಿದ್ದೆ" ಎಂದರು ಮಾವ.

ಆ ತಗಡಿಲ್ಲದೆ ಸ್ಟಾರ್ಟರಿನ ಹಲ್ಲು ಅಗತ್ಯಕ್ಕಿಂತ ಮುಂದೆ ಹೋಗಿ ಕಚ್ಚುತ್ತಿತ್ತಂತೆ. ನಜೀರ್ ಸಾಹೇಬರು ಹೇಳಿದ್ದೂ ಅದನ್ನೇ. ನಾನು ದಿನವೂ ಅಡ್ಡಬೀಳುತ್ತಿದ್ದದ್ದೂ ಅದಕ್ಕೇ. ತಾಯಿ ಕಣ್ಣ ಮುಂದೆಯೇ ಇಟ್ಟುಕೊಂಡು ಕೂತಿದ್ದಳು, ಇನ್ನೇನು ತಾನೇ ತೋರಿಸಿಯಾಳು?

ನಾನು ಸುಮ್ಮನಿರಲಿಲ್ಲ. ಸಾಮಾನು ಕಳೆದದ್ದು ಜೋಡಣೆಯ ದೋಷವಲ್ಲ, ಪಾತ್ರೆ ತೊಳೆಯುವವರ ದೋಷ ಎಂದು ವಾದಿಸಿದೆ. ಶೈಲಾ ಒಮ್ಮೆ ನೋಡಿದಳು. ವಾದ ಅಲ್ಲಿಗೆ ಮುಗಿಯಿತು.

ದಸರೆ ಕಳೆದು ಘಟ್ಟ ಎತ್ತಿದ ಮೇಲೆ, ಮಾವ ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತು ನನ್ನಿಂದ ಗೇರ್‌ಬಾಕ್ಸ್ ಬಿಚ್ಚಿಸಿ, ತಗಡು ಹಾಕಿಸಿದರು. ಕೀಲಿ ತಿರುಗಿಸಿದರೆ ಬೆಕ್ಕಿನ ಮರಿಯಷ್ಟು ಸದ್ದು. ಹೊರಡುವ ದಿನ ನಾನು ತಲೆ ತಗ್ಗಿಸಿ ಕಾರಿನ ಕೀಲಿಯನ್ನು ಅವರ ಕೈಗಿಟ್ಟೆ.

"ಗಾಡಿ ಇಲ್ಲೇ ಇರ್ಲಿ. ಗಾಡೀದೇನೂ ತಪ್ಪಿಲ್ಲ" ಎಂದರು. "ಆ ಸ್ಪ್ಯಾನರ್ ಪೆಟ್ಟಿಗಿ ಕೊಡ್ರಿ, ಅದನ್ನ ನಾ ಒಯ್ತೀನಿ."

ಒಯ್ದೇಬಿಟ್ಟರು! ಆದರೆ ನಾನು ಸೋತಿಲ್ಲ. ಮೊನ್ನೆ ಮಿಕ್ಸಿ ಕರ್ರೆಂದಾಗ ಮೆಕ್ಯಾನಿಕ್ಕನ್ನು ಕರೆಸಲಿಲ್ಲ, ಅಡುಗೆಮನೆಯ ಚಮಚದಿಂದಲೇ ಸ್ಕ್ರೂ ಬಿಚ್ಚಿದೆ. ಆ ಚಮಚ ಈಗ ಬಾಗಿದೆ. ಅದರ ಮೇಲೂ ಮಾವನ ಹೆಸರಿದೆ.