ಸ್ಟ್ಯಾಂಡ್ ಇಲ್ಲದ ಸೈಕಲ್ ಮಹಾಶಯರಿಗೆ

ಮಾನ್ಯರೇ,

ಮೊರಾಕೊ ದೇಶದ ಸಾಫಿ ಪಟ್ಟಣದ ಹಳೇಪೇಟೆಯಲ್ಲಿ, ನಮ್ಮ ಮನೆಯ ಬಾಗಿಲ ಹಿಂದೆ, ನನ್ನ ಗೋಧಿ ಚೀಲಕ್ಕೆ ಒರಗಿಕೊಂಡು ಸುಖವಾಗಿರುವ ಬಿಎಂಎಕ್ಸ್ ಸೈಕಲ್ಲಾದ ತಮಗೆ, ಅದೇ ಮನೆಯ ಯಾಮ್ನಾ ಮಾಡುವ ಸಲಾಮುಗಳು. ತಮ್ಮ ಎರಡೂ ಚಕ್ರಗಳು, ಚೈನು, ಪೆಡಲುಗಳು ಆರೋಗ್ಯವಾಗಿವೆಯೆಂದು ನಂಬಿದ್ದೇನೆ. ನನ್ನ ಮಂಡಿಗಳ ಆರೋಗ್ಯವನ್ನು ತಾವು ಒಂದು ದಿನವೂ ವಿಚಾರಿಸಲಿಲ್ಲ, ಇರಲಿ. ತಮಗೆ ಓದಲು ಬಾರದೆಂದು ಗೊತ್ತಿದ್ದೇ ಈ ಪತ್ರವನ್ನು ಓಣಿಗೆಲ್ಲ ಒಂದೇ ಆದ ಒಲೆಮನೆಯ ಬಾಗಿಲಿಗೆ ಅಂಟಿಸುತ್ತಿದ್ದೇನೆ. ರೊಟ್ಟಿ ಬೇಯುವ ತನಕ ಅಲ್ಲಿ ಕೆಲಸವಿಲ್ಲದೆ ನಿಂತಿರುವವರು ಯಾರಾದರೂ ತಮಗೆ ಓದಿ ಹೇಳಲಿ.

ಮೊದಲಿಗೆ ತಮ್ಮ ಗುಣಗಾನ. ತಮಗೆ ಬೆಲ್ ಇಲ್ಲ, ಕ್ಯಾರಿಯರ್ ಇಲ್ಲ, ಮಳೆನೀರು ತಡೆಯಲು ಮಡ್‌ಗಾರ್ಡ್ ಇಲ್ಲ. ಸೀಟೊಂದಿದೆ, ಅದರ ಮೇಲೆ ಯಾರೂ ಕೂರುವುದಿಲ್ಲ. ಕೊನೆಗೆ ಒಂದು ಸ್ಟ್ಯಾಂಡೂ ಇಲ್ಲದಿರುವುದರಿಂದ, ಹದಿಮೂರು ವರ್ಷದ ನನ್ನ ಮೊಮ್ಮಗಳು ಸುಕೈನಾ ತಾನೇ ತಮಗೆ ಸ್ಟ್ಯಾಂಡ್ ಆಗಲು ಹೊರಟಿದ್ದಾಳೆ. ಓಡುವುದಕ್ಕೆಂದು ತಂದ ಸೈಕಲ್ಲನ್ನು ನಡುಬೀದಿಯಲ್ಲಿ ನಿಲ್ಲಿಸಿ, ಎರಡೂ ಪೆಡಲುಗಳನ್ನು ಸಮ ಮಾಡಿ, ಮುಂದಿನ ಚಕ್ರವನ್ನು ಓರೆ ತಿರುಗಿಸಿ, ಕಾಲೂರದೆ ಅದರ ಮೇಲೆ ಎದ್ದು ನಿಂತಿರುವುದೇ ಬಿಎಂಎಕ್ಸ್ ಕಸರತ್ತಿನ ಮೊದಲ ಪಾಠವಂತೆ. ಎಲ್ಲಿಗೂ ಹೋಗದಿರುವುದಕ್ಕೆ ಇಷ್ಟು ಬೆವರು ಸುರಿಸುವವರನ್ನು ನಾನು ಸರ್ಕಾರಿ ಕಚೇರಿಯಲ್ಲೂ ನೋಡಿರಲಿಲ್ಲ.

ಈಗ ದೂರಿಗೆ ಬರುತ್ತೇನೆ. ಹೋದ ಮಂಗಳವಾರ ಹುಡುಗಿ ಒಲೆಮನೆಯಿಂದ ಬೆಂದ ಆರು ರೊಟ್ಟಿಗಳ ಹಲಗೆ ತರುತ್ತಿದ್ದವಳು, ಅದನ್ನು ತಮ್ಮ ಹ್ಯಾಂಡಲ್ ಮೇಲಿಟ್ಟು, "ಒಂದೇ ಸಲ ಅಜ್ಜಿ, ನೋಡ್ತಿರು" ಎಂದು ಕಾಲೆತ್ತಿದಳು. ಮೂರು ಎಣಿಸುವಷ್ಟರಲ್ಲಿ ತಾವು ಎಡಕ್ಕೆ, ಅವಳು ಬಲಕ್ಕೆ, ರೊಟ್ಟಿಗಳು ಇಳಿಜಾರಿಗೆ. ಬಿದ್ದ ರೊಟ್ಟಿಯನ್ನು ದಾಟಿ ಹೋಗುವವರು ನಮ್ಮ ಓಣಿಯಲ್ಲಿಲ್ಲವಾದ್ದರಿಂದ, ಕಂಡಕಂಡವರೆಲ್ಲ ಒಂದೊಂದನ್ನು ಎತ್ತಿ, ಮುತ್ತಿಟ್ಟು, ತಮ್ಮ ತಮ್ಮ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಮನೆಮನೆಗೆ ಹೋಗಿ, ಪ್ರತಿ ಬಾಗಿಲಲ್ಲೂ ಅವರ ಮಕ್ಕಳ ಕ್ಷೇಮ ಕೇಳಿ, ನನ್ನ ರೊಟ್ಟಿ ನಾನೇ ಬೇಡಿ ತಂದೆ. ಐದು ಸಿಕ್ಕವು. ಇಳಿಜಾರಿನ ಕೊನೇ ಮನೆಯ ಹನಿಯಾ, "ಇಲ್ಲಿಗೆ ಯಾವ ರೊಟ್ಟಿನೂ ಉರುಳಿ ಬರ್ಲಿಲ್ಲ ಲಲ್ಲಾ ಯಾಮ್ನಾ" ಎಂದು ಬಹಳ ಮರ್ಯಾದೆಯಿಂದ, ಅಗಿಯುತ್ತಲೇ ಹೇಳಿದಳು.

ಆ ಸಂಜೆ ನನ್ನ ಮಗ ಬುಶ್ತಾ ತೀರ್ಪು ಕೊಟ್ಟ: "ಇನ್ನೊಂದು ಸಲ ರೊಟ್ಟಿ ನೆಲ ಮುಟ್ಟಲಿ, ಭಾನುವಾರದ ಸಂತೆಗೆ ಈ ಸೈಕಲ್ ಹೋಯ್ತು ಅಂತ್ಲೇ ತಿಳ್ಕೋ." ಹುಡುಗಿ ಅಳಲಿಲ್ಲ. ತಮ್ಮ ಹ್ಯಾಂಡಲ್ ಹಿಡಿದು ಗೋಡೆ ನೋಡುತ್ತಾ ನಿಂತಳು. ಅತ್ತಿದ್ದರೆ ನಾನು ಸುಮ್ಮನಿರುತ್ತಿದ್ದೆ.

ಮರುದಿನದಿಂದ ರೊಟ್ಟಿ ಹಲಗೆ ನನ್ನ ತಲೆಗೇ ಬಂತು. ಐವತ್ತೆರಡು ವರ್ಷ ಕೈ ಬಿಟ್ಟು ಹಲಗೆ ಹೊತ್ತ ತಲೆ ಇದು. ಒಂದು ಚೂರೂ ಕೆಳಗೆ ಬಿದ್ದದ್ದಿಲ್ಲ. ಹೋಗುತ್ತಾ ಬರುತ್ತಾ ನೋಡುತ್ತೇನೆ, ಈ ಹುಡುಗಿಯ ಕಣ್ಣು ಯಾವಾಗಲೂ ಮುಂದಿನ ಚಕ್ರದ ಮೇಲೆ. ತಡೆಯಲಾಗಲಿಲ್ಲ. "ಚಕ್ರ ಯಾಕೆ ನೋಡ್ತೀಯೇ, ಅದೇನು ಓಡ್ಹೋಗುತ್ತಾ? ನಾನೇನು ನನ್ನ ಪಾದ ನೋಡ್ಕೊಂಡು ಹಲಗೆ ಹೊರ್ತೀನಾ? ಮೇಲ್ಗಡೆ ಒಲೆಮನೆ ಚಿಮಣಿ ನೋಡು. ಮಂಡಿ ಸಡಿಲ ಬಿಡು. ಅಲ್ಲಾಡಿದ್ರೆ ಹೆದರ್ಬೇಡ, ಅಲ್ಲಾಡದೆ ಯಾವುದೂ ನಿಲ್ಲಲ್ಲ" ಎಂದೆ. ಅವಳು ಚಿಮಣಿ ನೋಡಿದಳು, ಪೆಡಲನ್ನು ಇಷ್ಟೇ ಇಷ್ಟು ಒತ್ತಿ ಬಿಟ್ಟಳು. ಬೀಳುವ ಮುಂಚೆ ಎಣಿಕೆ ಐದಾಯಿತು. ಗುರುವಾರಕ್ಕೆ ಹನ್ನೊಂದು. ತಮ್ಮನ್ನು ಮನೆಯಿಂದ ಓಡಿಸಬೇಕಾದವಳು ಹೊಸ್ತಿಲಲ್ಲಿ ಕೂತು ಎಣಿಸುವ ಗುಮಾಸ್ತೆಯಾದದ್ದಕ್ಕೆ ಪರಿಹಾರ ಯಾರು ಕೊಡುತ್ತಾರೆ?

ಶುಕ್ರವಾರ ನಾನು ಹಲಗೆ ಹೊತ್ತು ಒಲೆಮನೆಯಿಂದ ಇಳಿಯುತ್ತಿದ್ದೆ. ಕೆಳಗೆ ಓಣಿಯ ನಡುವೆ ತಮ್ಮ ಮೇಲೆ ಹುಡುಗಿ, ಅವಳ ಬೆನ್ನ ಹಿಂದೆ ತರಕಾರಿ ಚೀಲ ಹಿಡಿದು ಏರಿ ಬರುತ್ತಿರುವ ಬುಶ್ತಾ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು! ನನ್ನ ಎರಡು ಕೈಗಳು, ನನ್ನನ್ನು ಒಂದು ಮಾತೂ ಕೇಳದೆ, ಚಪ್ಪಾಳೆ ಹೊಡೆದವು. ಬಾಯಿ ಮದುವೆ ಮನೆಯ ಹಾಗೆ ಉಲುಲು ಎಂದಿತು. ತಲೆ ಹಿಂದಕ್ಕೆ ವಾಲಿತು. ಐವತ್ತೆರಡು ವರ್ಷಗಳ ನನ್ನ ಹೆಸರು ಆರು ತುಂಡಾಗಿ ಉರುಳಿಕೊಂಡು ಹೋಯಿತು.

"ಅಮ್ಮಾ! ರೊಟ್ಟಿ ಬಿದ್ರೆ ಸೈಕಲ್ ಹೋಗುತ್ತೆ ಅಂದಿದ್ನೋ ಇಲ್ವೋ?"

"ಅಂದಿದ್ದೆ ಮಗನೇ. ಯಾರ ತಲೆಯಿಂದ ಬಿತ್ತು ನೋಡು. ಸಂತೆಗೆ ನನ್ನನ್ನೇ ಕರ್ಕೊಂಡ್ಹೋಗು. ಸ್ಟ್ಯಾಂಡ್ ನನಗೂ ಇಲ್ಲ, ಒರಗ್ಸೋಕೆ ಒಂದು ಗೋಡೆ ಹುಡುಕ್ಕೋ."

ಅವನು ಏನೋ ಹೇಳಬೇಕೆಂದಿದ್ದ. ಆದರೆ ಕಾಲ ಬಳಿಗೇ ಬಂದ ರೊಟ್ಟಿಯನ್ನು ಎತ್ತಿ ಮುತ್ತಿಡಬೇಕಾಯಿತು, ಮುತ್ತಿಡುವ ಬಾಯಿಯಿಂದ ಬೈಯುವುದು ಕಷ್ಟ. ಅಷ್ಟರಲ್ಲಿ ಚಿಮಣಿಯಿಂದ ಕಣ್ಣು ಕದಲಿಸದೆ, ಕಾಲೂರದೆ, ಹುಡುಗಿ ಮೆಲ್ಲಗೆ ಹೇಳಿದಳು: "ಅಪ್ಪಾ, ಮೂವತ್ನಾಲ್ಕು." ಅವನು ರೊಟ್ಟಿ ಹಿಡಿದುಕೊಂಡೇ ನಲವತ್ತರವರೆಗೆ ಎಣಿಸಿದ.

ಆದ್ದರಿಂದ ಮಹಾಶಯರು ದಯವಿಟ್ಟು ನನ್ನ ಹೆಸರನ್ನು ಮರಳಿ ತಂದುಕೊಡಬೇಕು, ಬರುವ ರಂಜಾನಿನೊಳಗೆ ಒಂದು ಸ್ಟ್ಯಾಂಡ್ ಬೆಳೆಸಿಕೊಳ್ಳಬೇಕು, ಮತ್ತು ಭಾನುವಾರ ಸಂತೆಗೆ ಹೋಗುವುದಿದ್ದರೆ ಹುಡುಗಿಯನ್ನು ಹೊತ್ತುಕೊಂಡೇ ಹೋಗಿ, ಹೊತ್ತುಕೊಂಡೇ ಮರಳಬೇಕೆಂದು ವಿನಂತಿ.

ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿ,
ಯಾಮ್ನಾ

ತಾ.ಕ.: ಶುಕ್ರವಾರವೂ ಐದೇ ರೊಟ್ಟಿ ಮರಳಿ ಬಂದಿವೆ. ಇದನ್ನು ಈಗ ಗಟ್ಟಿಯಾಗಿ ಓದುತ್ತಿರುವವಳು ಹನಿಯಾ ಆಗಿದ್ದರೆ, ಸುತ್ತ ನಿಂತವರು ಸ್ವಲ್ಪ ಹತ್ತಿರ ಹೋಗಿ, ಮೂಗಿನಿಂದಲೂ ಕೇಳಿಸಿಕೊಳ್ಳಿ: ಈ ಓಣಿಯಲ್ಲಿ ಹಿಟ್ಟಿಗೆ ಸೋಂಪು ಹಾಕಿ ನಾದುವವಳು ನಾನೊಬ್ಬಳೇ.