ಮಾತಿನ ನಡುವೆ ಮೂರು ಎಣಿಸಿ

ಕನ್ನಡಕದಂಗಡಿ ಯಜಮಾನರಿಗೆ ಭಾಷಣದ ಹುಚ್ಚು ಹಿಡಿದದ್ದು ಲಿಫ್ಟಿನ ದೆಸೆಯಿಂದ. ಅವರ ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟು ಕುಳಿತು ತಿಂಗಳುಗಳೇ ಆಗಿದ್ದವು. ಸಂಘದ ಅಧ್ಯಕ್ಷರ ಮನೆ ನೆಲಮಹಡಿಯಲ್ಲಿ. ಅವರಿಗೇನು, ಹೊಸಿಲು ದಾಟಿದರೆ ರಸ್ತೆ. ಐದನೇ ಮಹಡಿಯ ಯಜಮಾನರ ಹೆಂಡತಿಗೋ ಮಂಡಿನೋವು. ಒಂದು ಕಟ್ಟು ಸೊಪ್ಪು ತರುವುದೂ ಆಕೆಗೆ ದಂಡಯಾತ್ರೆ.

"ಈ ಸಲ ಅಧ್ಯಕ್ಷಗಿರಿಗೆ ನಾನೇ ನಿಲ್ತೀನಿ ಕಣೇ!"

"ನಿಲ್ಲೋದೇನೋ ನಿಲ್ತೀರಿ. ಭಾಷಣ ಯಾರು ಮಾಡ್ತಾರೆ?"

ಮಾತು ನಾಟಿತು. ಜೀವಮಾನವಿಡೀ ಅವರು ಗಿರಾಕಿಗಳ ಮುಂದೆ ಆಡಿದ್ದು ಒಂದೇ ಮಾತು: "ಈಗ ಕಾಣ್ತಾ?" ನಾಲ್ಕು ಜನ ಸೇರಿದ ಕಡೆ ಅದೂ ಹೊರಡುತ್ತಿರಲಿಲ್ಲ. ಸರಿ, ಆನ್‌ಲೈನ್ ಭಾಷಣ ತರಬೇತಿಗೆ ಸೇರಿಯೇಬಿಟ್ಟರು.

ಗುರುಗಳು ಮೊಬೈಲಿನಲ್ಲಿ ಅಂಗೈಯಗಲ ಕಂಡರೂ ಕಂಠ ಮಾತ್ರ ಗುಡುಗು. ಅವರ ಬ್ರಹ್ಮೋಪದೇಶ ಇಷ್ಟೇ: "ಮಾತಿಗಿಂತ ಮೌನ ದೊಡ್ಡದು! ಪ್ರತಿ ವಾಕ್ಯ ಆದ್ಮೇಲೆ ನಿಲ್ಲಿಸಿ, ಮನಸ್ಸಲ್ಲೇ ಮೂರು ಎಣಿಸಿ. ಜನ ಬಾಯಿ ಬಿಟ್ಕೊಂಡು ಕಾಯ್ಬೇಕು!"

ಯಜಮಾನರು ದಿನವೂ ಅಡುಗೆಮನೆ ಬಾಗಿಲಲ್ಲಿ ಅಭ್ಯಾಸಕ್ಕೆ ನಿಂತರು. (ಸಭಿಕರೆಂದರೆ ಫ್ರಿಜ್ಜು, ಮಿಕ್ಸಿ ಮತ್ತು ಹೆಂಡತಿಯ ಬೆನ್ನು.)

"ಬಂಧುಗಳೇ! ನಮ್ಮ ಲಿಫ್ಟ್ ಕೆಟ್ಟಿದ್ದು ಇವತ್ತು ನಿನ್ನೆಯಲ್ಲ." ಒಂದು, ಎರಡು...

"'ಕೆಟ್ಟಿರೋದು ಲಿಫ್ಟಲ್ಲ, ಆಡಳಿತ.' ಮುಂದೆ ಹೇಳಿ. ಕೇಳಿ ಕೇಳಿ ನನಗೇ ಬಾಯಿಪಾಠ ಆಗಿದೆ."

"ಮರೆತಿಲ್ಲ ಕಣೇ! ಅದು ಮೌನ! ಕಲೆ!"

"ಹಾಲು ಉಕ್ಕಿಹೋಗೋವಷ್ಟು ಹೊತ್ತು ಬಾಯ್ಮುಚ್ಕೊಂಡಿರೋದು ಯಾವ ಸೀಮೆ ಕಲೆ ರೀ?"

ಆ ದಿನವೂ ಬಂತು. ಪಾರ್ಕಿಂಗ್ ಜಾಗದಲ್ಲಿ ಸಂಘದ ಚುನಾವಣಾ ಸಭೆ. ಹೆಂಡತಿ ಮಂಡಿ ಹಿಡಿದುಕೊಂಡು ಇಳಿದು ಬಂದು ಮುಂದಿನ ಸಾಲಿನಲ್ಲಿ ಕುಳಿತಳು. ಯಜಮಾನರು ಮೊದಲ ವಾಕ್ಯವನ್ನು ಗುಡುಗಿ, ನಿಲ್ಲಿಸಿ, ಮೂರು ಎಣಿಸಿದರು. ಏನಾಶ್ಚರ್ಯ! ಜನ ನಿಜಕ್ಕೂ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು. ಅಷ್ಟೊಂದು ಬಾಯಿಗಳನ್ನು ಒಟ್ಟಿಗೆ ಕಂಡದ್ದೇ ತಡ, ಎರಡನೇ ವಾಕ್ಯ ತಲೆಯಿಂದ ಓಟ ಕಿತ್ತಿತು. ನಾಲ್ಕು, ಐದು, ಆರು... ಯಾರೋ ಕೆಮ್ಮಿದರು. ಯಜಮಾನರು ಎಣಿಸುತ್ತಲೇ ಇದ್ದರು.

ಹೆಂಡತಿಗೆ ತಡೆಯಲಾಗಲಿಲ್ಲ. "ಕೆಟ್ಟಿರೋದು ಲಿಫ್ಟಲ್ಲ, ಆಡಳಿತ!" ಎಂದು ಕುಳಿತಲ್ಲಿಂದಲೇ ಕೂಗಿಬಿಟ್ಟಳು.

ಚಪ್ಪಾಳೆ! ಗಾಬರಿಯಲ್ಲಿ ಯಜಮಾನರ ಬಾಯಿಂದ ಹಳೇ ಮಾತೇ ಉದುರಿತು: "ಈಗ... ಈಗ ಕಾಣ್ತಾ?"

"ಕಾಣ್ತಾ ಇದೆ!" ಎಂದಿತು ಇಡೀ ಸಭೆ.

ಹೆಂಡತಿ ಎದ್ದೇ ನಿಂತಳು. "ಅಧ್ಯಕ್ಷರೇ, ನೀರಿನ ಕ್ಯಾನ್ ಹೊತ್ಕೊಂಡು ಒಂದಿನ ನಮ್ಮನೆಗೆ ಬನ್ನಿ. ಟೀ ಕೊಡ್ತೀನಿ, ಮೇಲೆ ಬಂದ್ಮೇಲೆ ಕುಡಿಯೋಕೆ ಉಸಿರಿದ್ರೆ!"

ಅಧ್ಯಕ್ಷರು ಸೀಲಿಂಗ್ ನೋಡತೊಡಗಿದರು. ಎಂಟನೇ ಮಹಡಿಯ ಅಜ್ಜಿ ಕೋಲು ಕುಟ್ಟಿದರು: "ಗಂಡನ್ನ ಕೂರಿಸಿ, ಈಕೇನ ನಿಲ್ಲಿಸಿ!" ಕೈಗಳು ಸರಸರನೆ ಮೇಲೆದ್ದವು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದನ್ನು ಕಂಡು ಯಜಮಾನರೂ ಎತ್ತಿದರು. (ಎತ್ತದೆ ಮನೆಗೆ ಹೋಗುವುದು ಹೇಗೆ?)

ಸಂಜೆ ಮನೆಯಲ್ಲಿ ನೂತನ ಅಧ್ಯಕ್ಷರು ಕಾಲು ಚಾಚಿ ಕುಳಿತರು. "ನೋಡಿ, ಲಿಫ್ಟ್ ರಿಪೇರಿಯವರಿಗೆ ನಾಳೆ ಬೆಳಗ್ಗೆ ನೀವೇ ಫೋನ್ ಮಾಡ್ಬೇಕು."

ಆಮೇಲೆ ನಿಶ್ಶಬ್ದ. ಅಂತೂ ತಮ್ಮ ಸರದಿ ಬಂತೆಂದು ಯಜಮಾನರು ಬಾಯಿ ತೆರೆದರು. "ಅಲ್ಲ ಕಣೇ, ನಾನು ಹೇಳೋದೇನಂದ್ರೆ..."

ಅಧ್ಯಕ್ಷರು ಬೆರಳೆತ್ತಿದರು.

"ಸ್ವಲ್ಪ ಸುಮ್ಮನಿರಿ. ಇನ್ನೂ ಎರಡೇ ಎಣಿಸಿದ್ದೀನಿ."