ಬಸ್ಸಿನ ಶೆಡ್ಡಿನಲ್ಲೊಂದು ಬಿರುಗಾಳಿ

ಟ್ಯಾಂಕು ಒಡೆಯಬಹುದಿತ್ತು. ಒಡೆಯದಿದ್ದರೆ ವಾಲ್ವು ತೆರೆಯದೆ ಹಟ ಹಿಡಿಯಬಹುದಿತ್ತು. ತೆರೆದರೆ ಗಾಜು ಸಿಡಿದು ಬಂದ ಅತಿಥಿಯ ಕನ್ನಡಕಕ್ಕೆ ಬಡಿಯಬಹುದಿತ್ತು. ಕರೆಂಟು ಹೋಗಬಹುದಿತ್ತು, ನಮ್ಮ ಕೋಟೇಶ್ವರದಲ್ಲಿ ಅದಕ್ಕೆ 'ಬಹುದು' ಎಂಬ ಅನುಮಾನವೇ ಬೇಡ. ಗಾಳಿಯಲ್ಲಿ ತೇವ ಉಳಿದು ಒಳಗೆಲ್ಲ ಮಂಜು ಕಟ್ಟಬಹುದಿತ್ತು. ಕಂಪೌಂಡಿನಾಚೆ ಗಿರಿಜಕ್ಕ ಒಣಹಾಕಿದ ಮೀನು ಹಾರಿ ಬಂದು ಪ್ರಿನ್ಸಿಪಾಲರ ಕಾರಿನ ಮೇಲೆ ಕೂರಬಹುದಿತ್ತು. ಕೆಟ್ಟದ್ದನ್ನು ಮೊದಲೇ ಯೋಚಿಸಿಟ್ಟರೆ ಅದು ಬರಲು ನಾಚುತ್ತದೆಂದು ನಾನು ನಂಬಿದವನು. ತಲೆ ಅರ್ಧ ಬೋಳಾದರೂ ಆ ಕೆಟ್ಟದ್ದು ಒಮ್ಮೆಯೂ ನಾಚಿದ್ದನ್ನು ಕಂಡಿಲ್ಲ.

ನಾನು ಇಲ್ಲಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೇಷ್ಟ್ರು. ಕಾಲೇಜಿನ ಹಿಂಬದಿಯ ಶೆಡ್ಡಿನಲ್ಲಿ ಶಬ್ದಕ್ಕಿಂತ ವೇಗವಾಗಿ ಗಾಳಿ ಓಡಿಸುವ ಸುರಂಗವೊಂದನ್ನು ವರ್ಷಗಟ್ಟಲೆ ಕೂತು ಕಟ್ಟಿದ್ದೆ. ಸುರಂಗವೆಂದರೆ ರೈಲು ಹೋಗುವಂಥದ್ದಲ್ಲ. ಒಂದು ಬಂಗುಡೆ ಮೀನು ಮಲಗಿದರೆ ಇನ್ನೊಂದಕ್ಕೆ ಜಾಗವಿಲ್ಲ. ಅರ್ಧ ದಿನ ಕಂಪ್ರೆಸರ್ ಓಡಿಸಿ ಟ್ಯಾಂಕು ತುಂಬಿಸಬೇಕು. ವಾಲ್ವು ತಿರುಗಿಸಿದರೆ ನಾಲ್ಕು ಸೀನು ಸೀನುವಷ್ಟರಲ್ಲಿ ಎಲ್ಲ ಖಾಲಿ. ಅಷ್ಟರೊಳಗೆ, ಒಳಗಿಟ್ಟ ಚೂಪು ಮೂತಿಯ ಲೋಹದ ತುಂಡಿಗೆ ಗಾಳಿ ಬಡಿದು ಏಳುವ ಅಲೆ, ಪರದೆಯ ಮೇಲೆ ಕಪ್ಪು ಗೆರೆಯಾಗಿ ಕಾಣುತ್ತದೆ. ಆ ಗೆರೆಯ ಫೋಟೋ ಇದ್ದರೆ ಸುರಂಗ ಉಳಿಯುತ್ತದೆ, ಇಲ್ಲದಿದ್ದರೆ ಶೆಡ್ಡು ಕಾಲೇಜು ಬಸ್ಸಿಗೆ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು. ಪರೀಕ್ಷಿಸಲು ಹೊರಗಿನ ಪ್ರೊಫೆಸರರೊಬ್ಬರು ಬರುವವರಿದ್ದರು. ಸಂಜೆಯ ಬಸ್ಸಿಗೆ ಅವರು ವಾಪಸು. ಎರಡನೆಯ ಸಲ ತುಂಬಿಸಲು ಹೊತ್ತಿಲ್ಲ.

ಗಾಳಿಯ ತೇವ ಹೀರುವ ನೀಲಿ ಹರಳುಗಳು ನಮ್ಮ ಕಡಲ ಗಾಳಿಗೆ ಬೇಗನೆ ಸೋತು ಗುಲಾಬಿಯಾಗುತ್ತವೆ. ಅವನ್ನು ಮನೆಯ ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡಿದೆ. ಆ ಬಾಣಲೆಯನ್ನು ಇನ್ನು ನಿಮ್ಮ ಗಾಳಿಗೇ ಒಗ್ಗರಣೆ ಹಾಕಲು ಇಟ್ಟುಕೊಳ್ಳಿ ಎಂದು ಹೆಂಡತಿ ಅದನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದಳು. ಹಿಂದೊಮ್ಮೆ ಗಾಳಿ ಹೊರಹೋಗುವ ಕೊಳವೆ ಗಿರಿಜಕ್ಕನ ಮೀನನ್ನೆಲ್ಲ ಗದ್ದೆಗೆ ಹಾರಿಸಿದ್ದರಿಂದ ಅವಳಿಗೂ ಹೇಳಿಬರಲು ಹೋದೆ.

"ಹ್ವಾಯ್ ಮಾಷ್ಟ್ರೆ," ಎಂದಳು ಗಿರಿಜಕ್ಕ, "ಗಾಳಿ ಬೇಕಾರೆ ಕಡಲ್ ಬದಿಗ್ ಹೋಯ್ನಿ. ಅಲ್ಲ್ ಧರ್ಮಕ್ಕೆ ಸಿಕ್ಕತ್ತ್."

ಇನ್ನು ನಮ್ಮ ಅಟೆಂಡರ್ ಶೀನ. ವಾಲ್ವು ಮುಟ್ಟುವ ಮೊದಲು ಕಣ್ಣು ಮುಚ್ಚಿ ಸುರಂಗಕ್ಕೆ ಕೈ ಮುಗಿಯುವುದು ಅವನ ರೂಢಿ. ಇದು ಪ್ರಯೋಗಶಾಲೆ, ದೇವಸ್ಥಾನವಲ್ಲ; ಆ ಹೊತ್ತಿನಲ್ಲಿ ಕಣ್ಣು ತೆರೆದಿರಬೇಕು, ಕೈ ಕೆಲಸದ ಮೇಲಿರಬೇಕು ಎಂದು ಪ್ರತಿ ಸಲವೂ ಅವನಿಗೆ ಉಪದೇಶ ಮಾಡುತ್ತಿದ್ದೆ. ಅವತ್ತಂತೂ ಕೈ ಮುಗಿದರೆ ನೋಡು ಎಂದು ಗದರಿಸಿಯೇ ನಿಲ್ಲಿಸಿದೆ. ವಾಲ್ವು ಅವನದು, ಕ್ಯಾಮೆರಾದ ಬಟನ್ ನನ್ನದು.

ಪ್ರೊಫೆಸರರು ಬಂದರು. ಎಚ್ಚರಿಕೆ ಹೇಳುವುದು ಧರ್ಮವೆಂದು ನನ್ನ 'ಬಹುದಿತ್ತು'ಗಳನ್ನೆಲ್ಲ ಅವರ ಮುಂದೆ ಸುರಿದೆ. ಗಾಜಿನ ಸಂಗತಿ ಬಂದಾಗ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡರು. ಟ್ಯಾಂಕಿನ ಸಂಗತಿ ಬಂದಾಗ, ತಾವು ಹೊರಗೇ ನಿಂತಿರುವುದಾಗಿಯೂ ಫೋಟೋ ತೋರಿಸಿದರೆ ಸಾಕೆಂದೂ ಹೇಳಿ ಗೇಟಿನ ತನಕ ನಡೆದರು. ಪ್ರಿನ್ಸಿಪಾಲರು ಅವರಿಗೆ ಕೊಡೆ ಹಿಡಿದುಕೊಂಡು ಹಿಂದೆಯೇ ಹೋದರು.

ಶೀನ ವಾಲ್ವು ತಿರುಗಿಸಿದ. ಶೆಡ್ಡಿನ ಶೀಟುಗಳೆಲ್ಲ ಅದುರಿದವು. ಟ್ಯಾಂಕು ಒಡೆಯಲಿಲ್ಲ, ಗಾಜು ಸಿಡಿಯಲಿಲ್ಲ, ಕರೆಂಟು ಕೂಡ ಯಾವ ಪುಣ್ಯಕ್ಕೋ ಹೋಗಲಿಲ್ಲ. ಸದ್ದು ಅಡಗಿದ ಮೇಲೆ ಗೆರೆ ಬಂತೇನೋ ಎಂದು ಶೀನನನ್ನು ಕೇಳಿದೆ.

"ಲಾಯ್ಕ್ ಬಂದಿತ್ ಸರ್. ಕಪ್ಪ್ ಗೆರಿ, ನಟ್ಟಿ ಗೆದ್ದಿ ಅಂಚಿನಂಗೆ. ನೀವ್ ಕಾಣ್ಲಿಲ್ಯಾ?"

ನಾನು ಕಂಡಿರಲಿಲ್ಲ. ಗೇಟಿನ ಕಡೆಯಿಂದ ಚಪ್ಪಲಿಯ ಸದ್ದು ಹತ್ತಿರ ಬರುತ್ತಿತ್ತು. ಶೀನ ನನ್ನ ಕಿವಿಯ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ಬಹಳ ಮರ್ಯಾದೆಯಿಂದ ಹೇಳಿದ:

"ಸರ್, ಅವ್ರ್ ಬಂದ್ರ್. ಇನ್ನಾರೂ ಕಣ್ಣ್ ಬಿಡಿ, ಕೈ ಇಳ್ಸಿ."

ಕಣ್ಣು ಬಿಟ್ಟರೆ, ಬಟನ್ ಒತ್ತಬೇಕಿದ್ದ ನನ್ನ ಎರಡೂ ಕೈಗಳು ಎದೆಯ ಮುಂದೆ ಜೋಡಿಸಿಕೊಂಡೇ ಇದ್ದವು. ನನ್ನ 'ಬಹುದಿತ್ತು'ಗಳ ಅಷ್ಟುದ್ದದ ಪಟ್ಟಿಯಲ್ಲಿ ಅವುಗಳ ಹೆಸರೇ ಇರಲಿಲ್ಲ.